ಪಪ್ಪಾಯಿ ದಂಟಿನ ಮೇಣದಬತ್ತಿ

ಮುಳ್ಳೇರಿಯ ಪೇಟೆಯಿಂದ ಇಪ್ಪತ್ತು ನಿಮಿಷ ನಡೆದರೆ, ಗೇರುಮರಗಳ ಇಳಿಜಾರಿನ ಬುಡದಲ್ಲಿ ಎರಡು ಕೋಣೆಯ ಒಂದು ಹೆಂಚಿನ ಮನೆ. ಅಲ್ಲಿ ಲೋಲಾಕ್ಷಿ ಒಬ್ಬಳೇ ಇದ್ದಳು. ರವಿಕೆ, ಚೂಡಿದಾರ, ಮುಸ್ಲಿಂ ಹೆಂಗಸರು ನಮಾಜಿಗೆ ತೊಡುವ ಬಿಳಿ ಕುಪ್ಪಾಯ ಹೊಲಿಯುವುದು ಅವಳ ಕೆಲಸ. ಎರಡು ಸಾವಿರದ ಎರಡರಲ್ಲಿ ಅವಳಿಗೆ ಮೂವತ್ತೆರಡು ವರ್ಷ. ಆಸುಪಾಸಿನ ಮನೆಗಳಿಗೆಲ್ಲ ಕರೆಂಟ್ ಬಂದು ಎಷ್ಟೋ ಕಾಲವಾಗಿತ್ತು. ಅವಳ ಮನೆಗೆ ಮಾತ್ರ ಬಂದಿರಲಿಲ್ಲ.

ರಸ್ತೆಗೂ ಅವಳ ಮನೆಗೂ ನಡುವೆ ಇದ್ದದ್ದು ಅಣ್ಣ ಕಿಟ್ಟಣ್ಣನ ಜಾಗ. ಅಮ್ಮ ತೀರಿಕೊಂಡ ಮರುವರ್ಷ ಕಿಟ್ಟಣ್ಣ ತಂಗಿಗೆ ಮೀಂಜದ ಕಡೆಯಿಂದ ಒಂದು ಸಂಬಂಧ ತಂದಿದ್ದ. ಹುಡುಗ ಎಂದರೆ ನಲವತ್ತು ದಾಟಿದವನು. ಹೆಣ್ಣು ನೋಡಲು ಏಳು ಮಂದಿ ಬಂದು ಕೂತಿದ್ದರು. ಲೋಲಾಕ್ಷಿ ಚಹಾ ಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತು ಕೇಳಿದಳು.

"ನನ್ನ ಹೊಲಿಗೆ ಮಿಶನು ಅಲ್ಲಿಗೆ ತರಬಹುದಾ?"

ಹುಡುಗ ನಕ್ಕ. "ಊರವರ ಬಟ್ಟೆ ಹೊಲಿಯುವ ಕ್ರಮ ನಮ್ಮಲ್ಲಿ ಇಲ್ಲ."

"ಹಾಗಾದ್ರೆ ನನಗೆ ಬೇಡ," ಎಂದಳು ಲೋಲಾಕ್ಷಿ.

ಬಂದವರು ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅವರ ಜೀಪು ತಿರುವಿನಲ್ಲಿ ಮರೆಯಾಗುವ ತನಕ ಕಿಟ್ಟಣ್ಣ ಅಂಗಳದಲ್ಲಿ ನಿಂತಿದ್ದ. ಆಮೇಲೆ ತಂಗಿಯ ಮುಖ ನೋಡದೆ, "ಇನ್ನು ನಿನ್ನ ದಾರಿ ನಿನಗೆ," ಎಂದು ಇಳಿಜಾರಿನ ಮೇಲಿದ್ದ ತನ್ನ ಮನೆಗೆ ಹೋದ. ಅದೇ ಕೊನೆಯ ಮಾತು. ಅಂದಿನಿಂದ ಲೋಲಾಕ್ಷಿ ಅಣ್ಣನ ಅಂಗಳ ಹಾಯದೆ, ನೀರು ಹರಿಯುವ ತೋಡಿನ ಬದಿಯಿಂದ ಸುತ್ತು ಬಳಸಿ ಪೇಟೆಗೆ ಹೋಗತೊಡಗಿದಳು.

ಕರೆಂಟಿಗೆ ಅರ್ಜಿ ಹಾಕಿದಾಗ ಆಫೀಸಿನವರು ಸಮ್ಮತಪತ್ರ ಕೇಳಿದರು. ತಂತಿ ಯಾರ ಜಾಗದ ಮೇಲೆ ಹೋಗುತ್ತದೋ ಅವರ ಒಪ್ಪಿಗೆಯ ಸಹಿ ಬೇಕು. ಲೋಲಾಕ್ಷಿ ಅತ್ತಿಗೆ ಅಕ್ಕುವಿನ ಕೈಯಲ್ಲಿ ಕಾಗದ ಕಳಿಸಿದಳು. ಕೊಟ್ಟ ಮಡಿಕೆಯಲ್ಲೇ ಅದು ವಾಪಸು ಬಂತು.

"ಬಿಡಿಸಿ ನೋಡ್ಲೇ ಇಲ್ಲ ಮಾರಾಯ್ತಿ," ಎಂದಳು ಅಕ್ಕು. ಅವಳಿಗೂ ಬೇಸರವೇ ಆಗಿತ್ತು.

ಚಿಮಿಣಿ ದೀಪದಲ್ಲಿ ಹೊಲಿಯಬಹುದಿತ್ತು. ರೇಷನಿನಲ್ಲಿ ಸೀಮೆಎಣ್ಣೆಯೂ ಸಿಗುತ್ತಿತ್ತು. ಆದರೆ ಅದರ ಮಸಿ ಬಿಳಿ ಬಟ್ಟೆಯ ಮೇಲೆ ಕೂತರೆ ಮತ್ತೆ ಒಗೆದರೂ ಹೋಗದು. ಒಂದು ಕುಪ್ಪಾಯ ಹಾಗೆ ಹಾಳಾದ ಮೇಲೆ ಅವಳು ಸಂಜೆಯ ಕೆಲಸಕ್ಕೆ ಮೇಣದಬತ್ತಿ ಹಿಡಿದಳು. ದಿನಕ್ಕೆ ಎರಡೆರಡು ಬತ್ತಿ ಕೊಳ್ಳುವುದು ಎಲ್ಲಿಂದ? ಆಗ ಅವಳ ಕಣ್ಣು ಊರವರು ಉರಿಸಿ ಬಿಟ್ಟ ಬತ್ತಿಯ ತುಂಡುಗಳ ಮೇಲೆ ಬಿತ್ತು.

ಆ ವರ್ಷಗಳಲ್ಲಿ ಸಂಜೆ ಅರ್ಧ ಗಂಟೆ ಪವರ್ ಕಟ್ ಇರುತ್ತಿತ್ತು. ಇಳಿಜಾರಿನ ಮನೆಗಳೆಲ್ಲ ಒಮ್ಮೆಲೇ ಕಪ್ಪಾಗಿ, ಆಮೇಲೆ ಒಂದೊಂದೇ ಕಿಟಕಿಯಲ್ಲಿ ಬತ್ತಿ ಹತ್ತಿಕೊಳ್ಳುತ್ತಿತ್ತು. ಆ ಅರ್ಧ ಗಂಟೆ ಊರೆಲ್ಲ ತನ್ನ ಹಾಗೆಯೇ ಇದೆ ಎಂದು ಲೋಲಾಕ್ಷಿಗೆ ಅನಿಸುತ್ತಿತ್ತು. ಮರುದಿನ ಹೊಲಿದ ಬಟ್ಟೆ ಕೊಡಲು ಹೋದ ಮನೆಗಳಲ್ಲಿ ಕಿಟಕಿಯ ದಂಡೆಗೆ ಅಂಟಿದ ಮೇಣ, ಗಿಣ್ಣಲಿನ ಅಡಿಯ ಮೋಟುಬತ್ತಿ ಕೇಳಿ ತರುತ್ತಿದ್ದಳು.

ಮೊದಲ ಸಲ ಮೇಣವನ್ನು ನೇರ ಒಲೆಯ ಮೇಲಿಟ್ಟು ಬೆಂಕಿ ಹತ್ತಿ, ಹುಬ್ಬು ಸುಟ್ಟುಕೊಂಡಳು. ಆಮೇಲೆ ಕಲಿತಳು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆ ಇಟ್ಟು ಮೇಣ ಕರಗಿಸುವುದು; ಸುಟ್ಟ ದಾರ, ಬೆಂಕಿಕಡ್ಡಿಯ ಚೂರು ಹೋಗುವಂತೆ ಹಳೆ ಬಟ್ಟೆಯಲ್ಲಿ ಸೋಸುವುದು. ಅಚ್ಚಿಗೆ ಪಪ್ಪಾಯಿ ಎಲೆಯ ದಂಟು. ಅದು ಒಳಗೆ ಹೇಗೂ ಪೊಳ್ಳು. ಗೇಣುದ್ದ ಕತ್ತರಿಸಿ, ಹತ್ತಿಯ ನೂಲನ್ನು ಮೂರೆಳೆ ಹೊಸೆದು ಕಡ್ಡಿಯಿಂದ ಒಳಗೆ ತೂರಿಸಿ, ಬುಡಕ್ಕೆ ಅಂಟುಮಣ್ಣು ಮೆತ್ತಿ, ಒದ್ದೆ ಮರಳಿನಲ್ಲಿ ನಿಲ್ಲಿಸಿ ಹೊಯ್ಯುವುದು. ಮರುದಿನ ದಂಟು ಸೀಳಿದರೆ ಒಳಗೆ ಬತ್ತಿ. ಕೆಂಪು ತುಂಡು, ಬಿಳಿ ತುಂಡು ಬೆರೆತು ಅದಕ್ಕೆ ಮಾಸಿದ ಗುಲಾಬಿ ಬಣ್ಣ ಬಂದಿರುತ್ತಿತ್ತು.

ತುಂಡು ಕೊಡುವವರಲ್ಲಿ ಮೊದಲನೆಯವಳು ಜೈನಬಾ. ಗುಡ್ಡದ ಆಚೆ ಬದಿಯಲ್ಲಿ ಅವಳ ಮನೆ. ಗಂಡ ಉಸ್ಮಾನನಿಗೆ ಪೇಟೆಯಲ್ಲಿ ಸಣ್ಣ ಅಂಗಡಿ. ಲೋಲಾಕ್ಷಿಗಿಂತ ನಾಲ್ಕು ವರ್ಷ ದೊಡ್ಡವಳು. ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ತುಂಡುಗಳನ್ನು ಜೋಪಾನ ಮಾಡಿ ಇಡುತ್ತಿದ್ದಳು.

"ಜೈನಬಕ್ಕ, ಇದೆಂತ, ಅರ್ಧ ಬತ್ತಿಯೇ ಉಂಟಲ್ಲ?"

"ಕರೆಂಟ್ ಬಂದ ಕೂಡ್ಲೇ ಊದಿಬಿಡ್ತೇನೆ. ನಿನಗೆ ದೊಡ್ಡ ತುಂಡು ಸಿಗ್ಲಿ ಅಂತ."

"ಮತ್ತೆ ಉಸ್ಮಾನಣ್ಣ ಬಯ್ಯುದಿಲ್ವಾ?"

"ಬಯ್ಯಲಿ. ನೀನು ಬರ್ಬೇಕಲ್ಲ."

ಲೋಲಾಕ್ಷಿ ಹೋಗುತ್ತಿದ್ದಳು. ಹೊಲಿಗೆ ಇಲ್ಲದ ವಾರವೂ ಹೋಗುತ್ತಿದ್ದಳು. ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಒಬ್ಬಳು ಮೀನು ಹೆಚ್ಚುತ್ತ, ಇನ್ನೊಬ್ಬಳು ಗುಂಡಿ ಹಾಕುತ್ತ ಮಾತಾಡಿದರೆ ಮಧ್ಯಾಹ್ನ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಬರುವಾಗ ಕೈಯಲ್ಲಿ ಒಂದು ಹಿಡಿ ಮೇಣ. ಎಲ್ಲಿಗೆ ಹೋದೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇಲ್ಲದಿದ್ದರೂ ಹೇಳಲು ಒಂದು ಕಾರಣ ಇರುತ್ತಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಉಸ್ಮಾನ್ ನಾಯ್ಮಾರ್ಮೂಲೆಯಲ್ಲಿ ದೊಡ್ಡ ಅಂಗಡಿ ಹಿಡಿದು ಅಲ್ಲೇ ಮನೆ ಕಟ್ಟಿದ. ಹೊರಡುವ ದಿನ ಜೈನಬಾ ಲೋಲಾಕ್ಷಿಯ ಎರಡೂ ಕೈ ಹಿಡಿದು, "ಬಸ್ಸು ಉಂಟಲ್ಲ, ಬಾ," ಎಂದಳು.

ಮೂರು ತಿಂಗಳ ನಂತರ ಲೋಲಾಕ್ಷಿ ಹೋದಳು. ಹನ್ನೆರಡು ಬತ್ತಿ ಮಾಡಿ ಪೇಪರಿನಲ್ಲಿ ಸುತ್ತಿ ಒಯ್ದಿದ್ದಳು. ಜೈನಬಾ ಓಡಿ ಬಂದು ತಬ್ಬಿದಳು. ಅಕ್ಕಿ-ಬೆಲ್ಲದ ಕಲ್ತಪ್ಪ ಕೊಟ್ಟಳು, ಮಹಡಿ ತೋರಿಸಿದಳು. ಚಹಾ ಕುಡಿಯುತ್ತಿರುವಾಗ ಹೊರಗೆ ಕರೆಂಟ್ ಹೋಯಿತು. ಅದು ತಿಳಿದದ್ದು ಎದುರಿನ ಮಿಲ್ಲಿನ ಸದ್ದು ನಿಂತದ್ದರಿಂದ. ಇನ್ವರ್ಟರ್ ಇದ್ದುದರಿಂದ ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು.

ಜೈನಬಾ ಬತ್ತಿಗಳನ್ನು ನೋಡಿದಳು, ಫ್ಯಾನನ್ನು ನೋಡಿದಳು. "ಇದನ್ನು ಉರಿಸುದಿಲ್ಲ ನಾನು. ಚಂದ ಉಂಟು, ಇಲ್ಲಿ ಇರ್ಲಿ," ಎಂದು ಗಾಜಿನ ಕಪಾಟಿನಲ್ಲಿ ಬೊಂಬೆಗಳ ಪಕ್ಕ ಜೋಡಿಸಿದಳು.

"ಇರ್ಲಿ," ಎಂದು ಲೋಲಾಕ್ಷಿ ನಕ್ಕಳು.

ಅವಳಿಗೆ ಗೆಳತಿಯ ಮೇಲೆ ಬೇಸರವಿರಲಿಲ್ಲ. ಆದರೆ ಮರಳುವ ಬಸ್ಸಿನಲ್ಲಿ ಚೆರ್ಕಳ ದಾಟುವಾಗ ಕಣ್ಣು ತುಂಬಿಕೊಂಡಿತು. ಉರಿಸದ ಬತ್ತಿಯಲ್ಲಿ ತುಂಡು ಉಳಿಯುವುದಿಲ್ಲ, ಬಂದು ಒಯ್ಯುವುದಕ್ಕೂ ಏನಿಲ್ಲ. ಆಮೇಲೆ ಅವಳು ನಾಯ್ಮಾರ್ಮೂಲೆಗೆ ಹೋದದ್ದು ಒಂದೇ ಸಲ, ಜೈನಬಾಳ ಮಗಳು ರಂಶೀನಾಳ ಮದುವೆಗೆ. ಆ ಜನಸಾಗರದಲ್ಲಿ ಇಬ್ಬರಿಗೂ ನಾಲ್ಕು ಮಾತು ಆಡಲಾಗಲಿಲ್ಲ.

ನಡುವೆ ನಿಂತಿದ್ದ ಪವರ್ ಕಟ್ ಎರಡು ಸಾವಿರದ ಹನ್ನೆರಡರಲ್ಲಿ ಮತ್ತೆ ಬಂತು. ಆದರೆ ಕಿಟಕಿಗಳು ಕಪ್ಪಾಗಲಿಲ್ಲ. ಒಂದೋ ಇನ್ವರ್ಟರ್, ಇಲ್ಲವೇ ಚಾರ್ಜಿನ ಲೈಟು. ಆದರೂ ಲೋಲಾಕ್ಷಿ ಹೊಸದಾಗಿ ಬಂದಿದ್ದ ಪುಷ್ಪಾವತಿ ಟೀಚರ ಮನೆಗೆ ರವಿಕೆ ಕೊಡಲು ಹೋದವಳು, ಹಳೆಯ ಅಭ್ಯಾಸದಲ್ಲಿ ಕೇಳಿಬಿಟ್ಟಳು. "ಟೀಚರೇ, ಕ್ಯಾಂಡಲಿನ ತುಂಡು ಏನಾದ್ರೂ ಉಂಟಾ?"

ಟೀಚರು ಒಳ್ಳೆಯವರು. ಒಳಗೆ ಹೋಗಿ ಹೊಸ ಪ್ಯಾಕೆಟು ತಂದರು. "ತುಂಡು ಯಾಕೆ? ಇದು ಇಟ್ಕೊಳ್ಳಿ. ಪಾಪ, ಕರೆಂಟ್ ಇಲ್ಲ ಅಂತ ಕೇಳಿದೆ."

"ಹೊಸತು ಬೇಡ ಟೀಚರೇ," ಎಂದಳು ಲೋಲಾಕ್ಷಿ. ಅವರು ಒತ್ತಾಯಿಸಿ ಚೀಲಕ್ಕೆ ಹಾಕಿದರು. ಇಷ್ಟು ವರ್ಷ ಜನ ತನಗೆ ದಾನ ಕೊಡುತ್ತಿದ್ದಾರೆಂದು ಅವಳಿಗೆ ಅನಿಸಿರಲಿಲ್ಲ. ಅಂದಿನಿಂದ ಯಾರ ಮನೆಯಲ್ಲೂ ಕೇಳಲಿಲ್ಲ. ಅಂಗಡಿಯಿಂದ ಬತ್ತಿ ಕೊಂಡಳು, ತನ್ನದೇ ತುಂಡುಗಳನ್ನು ಮತ್ತೆ ಕರಗಿಸಿದಳು. ಪ್ರತಿ ಸಲವೂ ಮೇಣ ಕಡಿಮೆಯಾಗುತ್ತ ಬಂತು.

ಎರಡು ಸಾವಿರದ ಹದಿನೇಳರ ಮೊದಲಲ್ಲಿ, ಎಲ್ಲ ಮನೆಗೂ ಕರೆಂಟ್ ಕೊಡಬೇಕೆಂದು ಸರ್ಕಾರ ಹೊರಟಾಗ, ಲೈನ್‌ಮ್ಯಾನ್ ಶಿವಸುಬ್ರಹ್ಮಣ್ಯ ಕೆಳಗಿಳಿದು ಬಂದ.

"ಅಕ್ಕ, ನಾಳೆ ಕಂಬ ಹಾಕ್ತೇವೆ."

"ಸಮ್ಮತಪತ್ರ?"

"ನಿಮ್ಮಣ್ಣ ಸೈನ್ ಹಾಕಿದ್ರಲ್ಲ. ಮಾತೇ ಆಡ್ಲಿಲ್ಲ, ಪೆನ್ನು ಕೇಳಿದ್ರು ಅಷ್ಟೆ."

ಮರುದಿನ ಕಂಬದ ಗುಂಡಿ ತೋಡುವಾಗ ಕಿಟ್ಟಣ್ಣ ಮೇಲಿನ ದರೆಯ ಅಂಚಿನಲ್ಲಿ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಆ ತೆಂಗಿನ ಗರಿ ತಾಗ್ತದೆ, ಕಡಿದುಬಿಡಿ," ಎಂದು ಕೆಲಸದವರಿಗೆ ಹೇಳಿದ. ಲೋಲಾಕ್ಷಿ ಎಲ್ಲರಿಗೂ ಚಹಾ ಮಾಡಿ, ಒಂದು ಲೋಟ ಹೆಚ್ಚು ಇಟ್ಟುಕೊಂಡು ಮೇಲೆ ಬಂದಳು. ಅಷ್ಟರಲ್ಲಿ ಅವನು ಹೋಗಿಯಾಗಿತ್ತು.

ಆ ಸಂಜೆ ಬಲ್ಬು ಹಾಕಿದಾಗ ಮನೆ ಎಷ್ಟು ಸಣ್ಣದು ಎಂದು ಅವಳಿಗೆ ಮೊದಲ ಬಾರಿ ಕಂಡಿತು. ಮೂಲೆಯ ಜೇಡರ ಬಲೆ, ಗೋಡೆಯ ಬಿರುಕು, ಕನ್ನಡಿಯಲ್ಲಿ ನಲವತ್ತೇಳರ ತನ್ನ ಮುಖ. ಅಷ್ಟು ದಿನ ಪೇಟೆಯಲ್ಲಿ ಚಾರ್ಜು ಮಾಡಿಸಿ ತರುತ್ತಿದ್ದ ಮೊಬೈಲಿನಲ್ಲಿ ಜೈನಬಾಳಿಗೆ ಫೋನು ಮಾಡಿದಳು.

"ಕರೆಂಟ್ ಬಂತಾ? ಅಲ್‌ಹಮ್ದುಲಿಲ್ಲಾ! ಇನ್ನು ನಿನಗೆ ಕಷ್ಟ ಇಲ್ಲ," ಎಂದಳು ಜೈನಬಾ. ಅಷ್ಟರಲ್ಲಿ ಮೊಮ್ಮಗು ಅತ್ತಿತು. "ಮತ್ತೆ ಮಾಡ್ತೇನೆ ಆಯ್ತಾ?" ಎಂದು ಇಟ್ಟಳು. ಲೋಲಾಕ್ಷಿ ಫೋನನ್ನು ಮಿಶನಿನ ಮೇಲಿಟ್ಟಳು. ಆಮೇಲೆ ಎದ್ದು ಅನ್ನಕ್ಕೆ ಇಟ್ಟಳು.

ಮರುವರ್ಷ ಒಂದು ಮಧ್ಯಾಹ್ನ ಅಕ್ಕು ಅಂಗಿಯೊಂದನ್ನು ತಂದಳು. ನೀಲಿ ಗೆರೆಯದು, ಕಾಲರು ಹರಿದಿತ್ತು.

"ಇವರದ್ದು. ಪೇಟೆಯಲ್ಲಿ ಕೊಡ್ತೇನೆ ಅಂದೆ. ಬೇಡ, ಕೆಳಗೆ ಕೊಡು ಅಂದ್ರು."

"ಕೆಳಗೆ ಅಂದ್ರಾ?"

"ಹಾಗೇ ಅಂದ್ರು."

ಲೋಲಾಕ್ಷಿ ಕಾಲರು ಬಿಚ್ಚಿ, ಮಗುಚಿ, ಹರಿದ ಬದಿ ಒಳಗೆ ಹೋಗುವಂತೆ ಹೊಲಿದಳು. ಸಡಿಲಾಗಿದ್ದ ಗುಂಡಿಗಳನ್ನೆಲ್ಲ ಬಿಗಿದು ಕಟ್ಟಿದಳು. ಅಕ್ಕು ಒಯ್ದಳು. ಎರಡು ದಿನ ಬಿಟ್ಟು ಅಣ್ಣನ ಮನೆಯ ಹಗ್ಗದಲ್ಲಿ ಆ ಅಂಗಿ ಒಣಗುತ್ತಿರುವುದು ಕೆಳಗಿನಿಂದ ಕಂಡಿತು. ತೊಟ್ಟಿದ್ದಾನೆ ಎಂದು ಗೊತ್ತಾಯಿತು. ಅವನು ಬರಲಿಲ್ಲ, ಅವಳೂ ಹೋಗಲಿಲ್ಲ. ಆದರೆ ಮಿಶನನ್ನು ಗೋಡೆಯ ಬದಿಯಿಂದ ಎಳೆದು, ಆ ಹಗ್ಗ ಕಾಣುವ ಕಿಟಕಿಯ ಹತ್ತಿರ ಹಾಕಿಕೊಂಡಳು.