ಒಳಗೆ ಮಲಗಿದ್ದಾರೆ

ಅಮ್ಮನ ಅಣ್ಣ, ನನ್ನ ಮಾವ, ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ನಾನು ಅಲ್ಲಿಗೆ ಸೇರಿದ ದಿನ ಅವರು ನನ್ನನ್ನು ಬಾಗಿಲ ಹಿಂದೆ ಕರೆದು, "ಇಲ್ಲಿ ನನ್ನನ್ನ ಮಾವ ಅನ್ನಬೇಡ. ನೋಡ್ತಾ ನೋಡ್ತಾ ಇಡೀ ಕಾಲೇಜಿಗೆ ಮಾವ ಆಗ್ಬಿಡ್ತೀನಿ" ಎಂದಿದ್ದರು. ಕಾಲೇಜಿನವರು ಅವರನ್ನು ಕರೆಯುತ್ತಿದ್ದುದು ಕಪ್ಪೆ ಮೇಷ್ಟ್ರು ಎಂದು. ಅದಕ್ಕೆ ಅವರ ತಕರಾರಿರಲಿಲ್ಲ. ಅರ್ಧ ಹೆಸರಾದರೂ ಮೇಷ್ಟ್ರದ್ದಲ್ಲವೇ ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ ಅವರು ಪ್ರಯೋಗಾಲಯಕ್ಕೆ ಕಪ್ಪೆ ಹಿಡಿದು ತಂದರು. ಕಾಲೇಜಿನ ಹಿಂದೆ ಒಂದು ಹೊಂಡವಿದೆ. ನೀರಿದ್ದಾಗ ಬಲೆ ಹಾಕಿ ಹಿಡಿಯುವುದು ಯಾರಿಗಾದರೂ ಬರುತ್ತಿತ್ತು. ಹೊಂಡ ಒಣಗಿ ನೆಲ ಬಿರುಕು ಬಿಟ್ಟ ಮೇಲೆ ಹಿಡಿಯುವುದು ಮಾವನಿಗೆ ಮಾತ್ರ ಬರುತ್ತಿತ್ತು. ಬಿಸಿಲುಗಾಲದಲ್ಲಿ ಕಪ್ಪೆಗಳು ಮೊಣಕೈ ಆಳದ ಕೆಸರಿನೊಳಗೆ ಗೂಡು ಮಾಡಿಕೊಂಡು, ಮಳೆಯ ತನಕ ಉಸಿರನ್ನೂ ಉಳಿತಾಯ ಮಾಡಿ ಮಲಗಿರುತ್ತವೆ. ಮೇಲೆ ನಿಂತವರಿಗೆ ಕಾಣುವುದು ಬರೀ ಒಣ ನೆಲ. ಮಾವ ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಒಂದು ಕಡೆ ಹಿಮ್ಮಡಿ ಊರಿ ನಿಂತು, ಗಾರೆ ಕೆಲಸದವನಿಂದ ಇಸಕೊಂಡ ಸವೆದ ಕರಣೆಯಿಂದ ಕೆರೆಯುತ್ತಿದ್ದರು. ಐದು ನಿಮಿಷಕ್ಕೆ ಒಂದು ಕಪ್ಪೆ ಒದ್ದೆ ಗೋಣಿಚೀಲಕ್ಕೆ ಬೀಳುತ್ತಿತ್ತು. ಆಮೇಲೆ ಕ್ಲೋರೋಫಾರ್ಮಿನ ಸೀಸೆ, ಮೇಣದ ತಟ್ಟೆ, ಗುಂಡುಸೂಜಿ. ಎಲ್ಲ ಜೋಡಿಸಿಟ್ಟು ಅವರು ಹೊರಗೆ ಹೋಗಿ ನಿಲ್ಲುತ್ತಿದ್ದರಂತೆ.

ಅವರಿಗೊಂದು ಅಭ್ಯಾಸವಿತ್ತು. ಕಪ್ಪೆಗಳನ್ನು ಅವರು ಮನುಷ್ಯರಂತೆಯೇ ಎಣಿಸುತ್ತಿದ್ದರು. ಒಮ್ಮೆ ಹೊಸದಾಗಿ ಬಂದ ಪ್ರಾಣಿಶಾಸ್ತ್ರದ ಮೇಡಂ ಹತ್ತಿರ ಹೋಗಿ, "ಹನ್ನೆರಡು ಜನ ಬಂದಿದಾರೆ ಮೇಡಂ, ಹೊರಗೆ ಕೂರಿಸಿದೀನಿ" ಎಂದು ಹೇಳಿದರು. ಮೇಡಂ ಯಾವುದೋ ತಪಾಸಣೆಯ ತಂಡವೆಂದು ಗಾಬರಿಯಾಗಿ, ಸೆರಗು ಸರಿಮಾಡಿಕೊಂಡು, ಹನ್ನೆರಡು ಚಹಾ ತರಿಸಿದರು. ಚಹಾ ಬಂತು. ಗೋಣಿಚೀಲ ಒಳಗೆ ಬಂತು. ಆ ದಿನ ಕಚೇರಿಯವರೆಲ್ಲ ಎರಡೆರಡು ಸಲ ಚಹಾ ಕುಡಿದರು.

ಯಾಕೆ ಹಾಗೆ ಹೇಳುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಮಾವ ಸೂಕ್ಷ್ಮದರ್ಶಕದ ಗಾಜು ಒರೆಸುತ್ತಿದ್ದರು. "ಇನ್ನೊಂದು ಗಂಟೇಲಿ ನಮ್ಮ ಕೈಯಲ್ಲೇ ಸಾಯೋರನ್ನ ಅದು ಇದು ಅನ್ನೋಕೆ ಬಾಯಿ ಬರಲಿಲ್ಲ ಕಣೇ" ಎಂದರು. ಅಷ್ಟೇ. ಗಾಜನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು.

ಕೆಲವು ವರ್ಷಗಳ ಹಿಂದೆ ಕಪ್ಪೆ ಕೊಯ್ಯುವುದು ನಿಂತಿತು. ಈಗ ಎಲ್ಲವನ್ನೂ ಕಂಪ್ಯೂಟರಿನ ಪರದೆಯ ಮೇಲೆ ತೋರಿಸುತ್ತಾರೆ. ಮಾವ ಮಾತ್ರ ಮಧ್ಯಾಹ್ನದ ಬುತ್ತಿ ಹಿಡಿದು ಹೊಂಡದ ದಂಡೆಗೇ ಹೋಗಿ ಕೂರುತ್ತಿದ್ದರು.

ಆ ಹೊಂಡವನ್ನು ಮುಚ್ಚಿ ಹುಡುಗಿಯರ ಹಾಸ್ಟೆಲ್ ಕಟ್ಟುವುದೆಂದು ಈ ಬೇಸಿಗೆಯಲ್ಲಿ ತೀರ್ಮಾನವಾಯಿತು. ಹಾಸ್ಟೆಲ್ ಬೇಕೆಂಬ ಮನವಿಗೆ ನಾನೂ ಸಹಿ ಹಾಕಿದ್ದೆ. ನನ್ನ ಪಕ್ಕ ಕೂರುವ ಗೆಳತಿ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಮೊದಲ ತರಗತಿಯಲ್ಲಿ ಅವಳ ಕಣ್ಣು ತೆರೆದಿದ್ದನ್ನು ನಾನು ಕಂಡಿಲ್ಲ.

ಮಾವ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕಟ್ಟಡವನ್ನು ಉದ್ದುದ್ದಕ್ಕೆ ತಿರುಗಿಸಿ ಕಾಂಪೌಂಡಿಗೆ ಒತ್ತಿ ಕಟ್ಟಿದರೆ ಹೊಂಡ ಉಳಿಯುತ್ತದೆ ಎಂದು ಕೇಳಿಕೊಂಡರು.

"ಅಲ್ಲಿ ಕಾರ್ ಶೆಡ್ ಇದೆಯಲ್ರೀ."

"ಅದಕ್ಕೇ ಹೇಳಿದೆ ಸರ್. ಕಾರು ಬಿಸಿಲು ತಡ್ಕೊಳ್ಳುತ್ತೆ."

ಪ್ರಿನ್ಸಿಪಾಲರು ನಕ್ಕು ಕಳಿಸಿದರು. ಅಮ್ಮ ನಗಲಿಲ್ಲ. "ಹೆಣ್ಣುಮಕ್ಕಳಿಗಿಂತ ಕಪ್ಪೆ ಹೆಚ್ಚಾಯ್ತೇನಣ್ಣಾ ನಿನಗೆ? ನಿವೃತ್ತಿಗೆ ಒಂದು ವರ್ಷ ಇದೆ, ಬಾಯಿ ಮುಚ್ಕೊಂಡು ಇರಬಾರದಾ?" ಎಂದು ರೇಗಿದಳು.

"ಹೆಚ್ಚು ಅಂತ ಯಾರಂದ್ರು? ಇಬ್ಬರಿಗೂ ಜಾಗ ಇದೆ ಅಂದೆ ಅಷ್ಟೆ. ಅವರು ಎದ್ದು ಬಂದು ಅರ್ಜಿ ಕೊಡೋಕಾಗಲ್ವಲ್ಲ."

"ನೀನು ಕೊಂದಷ್ಟು ಇನ್ಯಾರೂ ಕೊಂದಿಲ್ಲ. ಈಗ ನೀನೇ ವಕೀಲ!"

"ಅವರ ಮನೆ ಬಾಗಿಲು ಗೊತ್ತಿರೋನು ನಾನೊಬ್ಬನೇ ಅಲ್ವೇನೇ" ಎಂದರು ಮಾವ. ಅವರ ದನಿಯಲ್ಲಿ ಪಶ್ಚಾತ್ತಾಪದ ಭಾರವೇನೂ ಇರಲಿಲ್ಲ. ಕೆಲಸ ಬಲ್ಲವನು ಕೆಲಸದ ಬಗ್ಗೆ ಮಾತಾಡುವ ಹಾಗೆ ಮಾತಾಡಿದರು.

ಮಣ್ಣು ತಳ್ಳುವ ಯಂತ್ರ ಬಂದದ್ದು ಒಂದು ಬೆಳಿಗ್ಗೆ, ನಾವು ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ. ಕಿಟಕಿಯಿಂದ ನೋಡಿದರೆ, ಮಾವ ಪ್ರಯೋಗಾಲಯದ ಬಿಳಿ ಕೋಟಿನಲ್ಲೇ ಹೊಂಡದ ಕಡೆ ಓಡುತ್ತಿದ್ದರು. ಯಂತ್ರದ ಹಲ್ಲು ಆಗಲೇ ದಂಡೆಗೆ ತಾಕಿತ್ತು. ಮಾವ ಎರಡೂ ಕೈ ಎತ್ತಿ ಕೂಗಿದರು:

"ನಿಲ್ಸಪ್ಪಾ! ಒಳಗೆ ಮಲಗಿದಾರೆ!"

ಯಂತ್ರ ಗಕ್ಕನೆ ನಿಂತಿತು. ಚಾಲಕ ಮೇಲಿಂದ ಧುಮುಕಿದ. "ಯಾರು? ಎಲ್ಲಿ? ಯಾವ ಕಡೆ?" ಎಂದು ಯಂತ್ರದ ಕೆಳಗೆ ಬಗ್ಗಿ ಬಗ್ಗಿ ನೋಡಿದ. ಕಲ್ಲು ಇಳಿಸುವ ಕೂಲಿಯವರು ನೆರಳು ಸಿಕ್ಕಲ್ಲೆಲ್ಲ ಮಲಗುವುದುಂಟು. ಗುತ್ತಿಗೆದಾರ ಫೋನು ಕಿವಿಗಿಟ್ಟುಕೊಂಡೇ ಓಡಿಬಂದ. ಪ್ರಿನ್ಸಿಪಾಲರು ಬಂದರು. ನಾವೂ ಪುಸ್ತಕ ಬಿಟ್ಟು ಓಡಿದೆವು.

"ಎಷ್ಟು ಜನರೀ?" ಎಂದರು ಪ್ರಿನ್ಸಿಪಾಲರು.

"ಸರಿಯಾಗಿ ಹೇಳೋಕಾಗಲ್ಲ ಸರ್. ನಾನೂರು, ಐನೂರು ಜನ ಇರಬಹುದು."

ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಹುಡುಗರು ಸಿಳ್ಳೆ ಹೊಡೆದರು. ಪ್ರಿನ್ಸಿಪಾಲರ ಮುಖ ಬಿಳಿಯಿಂದ ಕೆಂಪಿಗೆ ತಿರುಗಿತು.

"ಕಪ್ಪೆ! ಕಪ್ಪೆಗೆ ಇದಾರೆ ಅಂತೀರಾ? ನಾಟಕ ಆಡ್ತೀರೇನ್ರೀ?"

"ಬಾಯಿಗೆ ಬಂದಿದ್ದೇ ಹಾಗೆ ಸರ್. ಯೋಚನೆ ಮಾಡಿ ಹೇಳಿದ್ದಲ್ಲ." ಮಾವ ಸುಧಾರಿಸಿಕೊಳ್ಳುತ್ತ ಹೇಳಿದರು. ಆಮೇಲೆ ಚಾಲಕನ ಕಡೆ ತಿರುಗಿದರು. "ಒಳಗೆ ಮಲಗಿವೆ ಅಂದಿದ್ರೆ ನಿಲ್ಲಿಸ್ತಿದ್ದೇನಪ್ಪಾ?"

ಚಾಲಕ ತಲೆ ಕೆರೆದುಕೊಂಡ. ಸುಳ್ಳು ಹೇಳುವ ಮನುಷ್ಯನಲ್ಲ. "ಇಲ್ಲ ಮೇಷ್ಟ್ರೇ. ಮಲಗಿವೆ ಅಂದಿದ್ರೆ ನಾಯೀನೋ ಹಂದೀನೋ ಅಂದ್ಕೊಂಡು ಒಂದು ಹಾರ್ನ್ ಹೊಡೀತಿದ್ದೆ. ಮುಂದಕ್ಕೆ ಹೋಗ್ತಿದ್ದೆ."

ಹುಡುಗರ ಸಿಳ್ಳೆ ನಿಂತಿತು.

ಗುತ್ತಿಗೆದಾರನಿಗೆ ಇದು ಹಿಡಿಸಲಿಲ್ಲ. "ಖಾಲಿ ಹೊಂಡ ಸಾರ್ ಇದು" ಎಂದು ಗುದ್ದಲಿ ತರಿಸಿ ಮೂರು ಕಡೆ ಅಗೆಸಿದ. ಹೆಂಟೆ ಬಂತು, ಬೇರು ಬಂತು, ಒಂದು ಹಳೆಯ ಚಪ್ಪಲಿ ಬಂತು. "ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋಗಿದಾರೆ" ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕರು. ಅವನು ಅಗೆಸಿದ ಜಾಗದಲ್ಲಿ ಏನೂ ಇಲ್ಲವೆಂದು ಅವರಿಗೆ ಮೊದಲೇ ತಿಳಿದಿತ್ತು.

"ನೀವೇ ತೋರಿಸ್ರೀ" ಎಂದರು ಪ್ರಿನ್ಸಿಪಾಲರು. "ಒಂದು ಕಪ್ಪೆ ಹೊರಗೆ ತೆಗೆದು ನನ್ನ ಕಣ್ಣೆದುರು ಇಡಿ. ಕೆಲಸ ನಿಲ್ಲಿಸಿ ಯೋಚನೆ ಮಾಡ್ತೀನಿ. ಇಲ್ಲಾಂದ್ರೆ ಈಗಲೇ ಯಂತ್ರ ಹೊರಡುತ್ತೆ."

ಮಾವ ಅಲ್ಲಾಡಲಿಲ್ಲ. "ಈ ಬಿಸಿಲಿಗೆ ಹೊರಗೆ ತೆಗೆದ್ರೆ ಉಳಿಯಲ್ಲ ಸರ್. ಮಳೆಗೆ ಇನ್ನೂ ಒಂದೂವರೆ ತಿಂಗಳಿದೆ."

ಮೇಡಂ ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ತೋರಿಸಿಬಿಡಿ. ಒಂದು ಹೋದ್ರೆ ಐನೂರು ಉಳಿಯುತ್ತೆ. ಲೆಕ್ಕ ಸುಲಭ."

"ಸುಲಭಾನೇ ಮೇಡಂ. ಆದ್ರೆ ಆ ಒಂದು ಯಾರು ಅಂತ ನಾನೇ ಆರಿಸಬೇಕಲ್ಲ. ಇಪ್ಪತ್ತೆರಡು ವರ್ಷ ಆರಿಸಿದೀನಿ."

ಚಾಲಕ ಯಂತ್ರದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಗುತ್ತಿಗೆದಾರ ಕೈಗಡಿಯಾರ ನೋಡಿದ. ಮಾವ ಸೋತರೆಂದೇ ನನಗನ್ನಿಸಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಒಂದು ತೆಗೆದುಬಿಡಬಾರದೇ ಎಂದು ನಾನೂ ಮನಸ್ಸಿನಲ್ಲಿ ಅಂದುಕೊಂಡೆ.

ಅಷ್ಟರಲ್ಲಿ ಮಾವ ಚಪ್ಪಲಿ ಬಿಟ್ಟು ಹೊಂಡಕ್ಕಿಳಿದರು. ನಾಲ್ಕು ಹೆಜ್ಜೆ ನಡೆದು, ನಿಂತು, ಎರಡು ಹೆಜ್ಜೆ ಹಿಂದೆ ಬಂದು ಕುಕ್ಕರಗಾಲಲ್ಲಿ ಕುಳಿತರು. ನನ್ನನ್ನು ಹತ್ತಿರ ಕರೆದು, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಸಕೊಂಡು ಕೈ ತೋಯಿಸಿಕೊಂಡರು. ಕೋಟಿನ ಜೇಬಿನಿಂದ ಕರಣೆ ತೆಗೆದು ನೇರವಾಗಿ ಅಗೆಯದೆ ಓರೆಯಾಗಿ, ತೋಳು ಹಿಡಿಯುವಷ್ಟೇ ಅಗಲಕ್ಕೆ ಕೊರೆದರು. ಕೊನೆಯ ಮಣ್ಣನ್ನು ಬೆರಳಿನಲ್ಲೇ ಬಿಡಿಸಿದರು. ಆಮೇಲೆ ತಲೆ ಎತ್ತಿದರು.

"ಹೊರಗೆ ತೆಗೆಯಲ್ಲ ಸರ್. ನೀವು ಒಳಗೆ ಬನ್ನಿ."

"ಏನು?"

"ಕೈ ಸರ್. ಎರಡೇ ಬೆರಳು ಮುಂದೆ. ಒತ್ತಬೇಡಿ."

ಪ್ರಿನ್ಸಿಪಾಲರು ಸುತ್ತ ನೋಡಿದರು. ಅರ್ಧ ಕಾಲೇಜೇ ದಂಡೆಯ ಮೇಲಿತ್ತು. ಅವರು ಹೊಂಡಕ್ಕಿಳಿದು ಕರವಸ್ತ್ರ ಹಾಸಿ, ಅದರ ಮೇಲೆ ಮಂಡಿಯೂರಿ, ಅಂಗಿಯ ತೋಳು ಮಡಚಿ, ಮೊಣಕೈವರೆಗೆ ನೆಲದೊಳಗೆ ಕೈ ಇಳಿಸಿದರು.

"ಕಲ್ಲು" ಎಂದರು.

"ಅಲ್ಲ ಸರ್. ಸ್ವಲ್ಪ ಹಾಗೇ ಇರಿ."

ನಾವು ಕಾದೆವು. ಬಿಸಿಲು ಕತ್ತಿನ ಮೇಲೆ ಕೂತಿತ್ತು. ಪ್ರಿನ್ಸಿಪಾಲರು ಅರ್ಥಶಾಸ್ತ್ರದ ಮೇಷ್ಟ್ರು. ಸುಮ್ಮನಿರುವ ಅಭ್ಯಾಸ ಅವರಿಗಿಲ್ಲ. ಆದರೂ ಸುಮ್ಮನಿದ್ದರು. ಅವರ ಹುಬ್ಬು ಮೊದಲು ಗಂಟಿಕ್ಕಿತು, ಆಮೇಲೆ ಮೆಲ್ಲನೆ ಸಡಿಲವಾಯಿತು. ತೊಟ್ಟಿಲಲ್ಲಿ ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವವರ ಮುಖ ಹಾಗಿರುತ್ತದೆ.

"ಉಸಿರಾಡ್ತಿದೆ" ಎಂದರು, ಬಹಳ ಸಣ್ಣ ದನಿಯಲ್ಲಿ.

ಮಾವ ತಿದ್ದಲಿಲ್ಲ.

ಪ್ರಿನ್ಸಿಪಾಲರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೇ ಇದ್ದರು. ಎದ್ದಾಗ ಕರವಸ್ತ್ರವನ್ನು ಅಲ್ಲೇ ಮರೆತರು. ಮಾವ ಆಗಲೇ ಬಾಟಲಿಯ ಉಳಿದ ನೀರಲ್ಲಿ ಮಣ್ಣು ಕಲಸಿ ತೂತು ಮುಚ್ಚುವುದರಲ್ಲಿ ಮುಳುಗಿದ್ದರು. ಪ್ರಿನ್ಸಿಪಾಲರು ಅವರನ್ನೇ ನೋಡುತ್ತ ಗುತ್ತಿಗೆದಾರನಿಗೆ ಹೇಳಿದರು:

"ಕಟ್ಟಡ ಕಾಂಪೌಂಡಿನ ಕಡೆ ತಿರುಗಿಸೋಕೆ ಏನು ಬೇಕು?"

"ನಕ್ಷೆ ಬದಲಾಯಿಸಬೇಕು ಸಾರ್. ಆಗಲೂ ಹೊಂಡದ ಅಂಚು ಹತ್ತಡಿ ಹೋಗುತ್ತೆ. ನಿಮ್ಮ ಕಾರ್ ಶೆಡ್ಡೂ ಹೋಗುತ್ತೆ."

"ಬದಲಾಯಿಸಿ." ಎರಡು ಹೆಜ್ಜೆ ನಡೆದು ಅವರು ಹಿಂತಿರುಗಿದರು. "ಏನ್ರೀ, ಹೇಳದೆ ಕೇಳದೆ ಕೆಲಸ ನಿಲ್ಲಿಸಿದ್ದಕ್ಕೆ ನಿಮಗೆ ಮೆಮೊ ಕೊಡ್ತೀನಿ."

"ಕೊಡಿ ಸರ್. ಕೈ ತೊಳ್ಕೊಂಡು ತಗೋತೀನಿ."

ಹೊಸ ನಕ್ಷೆ ಬರಲು ಹತ್ತು ದಿನ ಹಿಡಿಯಿತು. ಗೆಳತಿ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಳು. ಹಾಸ್ಟೆಲಿನ ಕಿಟಕಿಗಳು ಹೊಂಡದ ಕಡೆಗೇ ತೆರೆಯುತ್ತವೆ ಎಂದು ತಿಳಿದಾಗ, "ರಾತ್ರಿಯೆಲ್ಲ ವಟಗುಟ್ಟಿದ್ರೆ ನಿಮ್ಮ ಮಾವನ್ನೇ ಕರೆಸ್ತೀನಿ ನೋಡು" ಎಂದಳು.

ಯಂತ್ರ ಮತ್ತೆ ಬಂದ ಬೆಳಿಗ್ಗೆ ಮಾವ ಸುಣ್ಣದ ಪುಡಿಯ ಬಕೆಟ್ ಹಿಡಿದು ಅಂಚಿನ ಉದ್ದಕ್ಕೂ ಬರಿಗಾಲಲ್ಲಿ ನಡೆಯುತ್ತಿದ್ದರು. ಎಳೆದ ಗೆರೆ ಒಂದು ಕಡೆ ಒಳಕ್ಕೆ, ಒಂದು ಕಡೆ ಹೊರಕ್ಕೆ ಬಾಗಿತ್ತು. ಚಾಲಕ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಸೊಟ್ಟಗಿದೆಯಲ್ಲ ಮೇಷ್ಟ್ರೇ."

"ಅವರು ನೆಟ್ಟಗೆ ಸಾಲಾಗಿ ಮಲಗಿಲ್ಲಪ್ಪ. ನಾನೇನು ಮಾಡ್ಲಿ?"

"ಸರಿ ಹಾಗಾದ್ರೆ. ಗೆರೆಯಿಂದ ಈ ಕಡೆ ನಂದು, ಆ ಕಡೆ ನಿಮ್ದು."

"ಆ ಕಡೆ ನಂದೂ ಅಲ್ಲ" ಎಂದರು ಮಾವ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತ.

ಚಾಲಕ ಯಂತ್ರ ಹತ್ತಿ, ಸೊಟ್ಟ ಗೆರೆಗೆ ಹಲ್ಲು ತಾಕದ ಹಾಗೆ, ನಿಧಾನವಾಗಿ ಮಣ್ಣು ತಳ್ಳತೊಡಗಿದ.