ಎಡಗಡೆಯ ಸ್ಪೀಕರಿನ ಸದ್ದು

ಅಕ್ಕನ ಮಗಳು ಕಾಲೇಜಿಗೆಂದು ದೇರೆಬೈಲಿನ ನಮ್ಮ ಮನೆಗೆ ಬಂದು ಉಳಿದ ಮೊದಲ ವಾರವೇ ನನಗೆ ಅವಳ ಮೇಲೆ ಅನುಮಾನ ಶುರುವಾಗಿತ್ತು. ಮಸ್ಕತ್ತಿನಿಂದ ತಂದ ನನ್ನ ಸ್ಟೀರಿಯೋದಲ್ಲಿ ಭಾನುವಾರ ಹಾಡು ಹಾಕಿದರೆ ಸಾಕು, ಮುಖ ಕಿವುಚಿಕೊಂಡು ಒಳಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಮಾತ್ರ ಅಗ್ಗದ ಇಯರ್‌ಫೋನ್ ಸಿಕ್ಕಿಸಿಕೊಂಡು, ಹಾರ್ನು, ಕಂಡಕ್ಟರನ ಸೀಟಿಗಳ ನಡುವೆ ಅದೇನು ಕೇಳುತ್ತಿದ್ದಳೋ! ಈಗಿನವರಿಗೆ ಒಳ್ಳೆಯ ಧ್ವನಿ ಯಾಕೆ ಬೇಕು ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ.

ಒಂದು ದಿನ ಕೇಳಿಯೇ ಬಿಟ್ಟೆ. "ಎಂತ, ನನ್ನ ಹಾಡು ನಿನಗೆ ಆಗುದಿಲ್ವಾ?"

"ಹಾಡು ಒಳ್ಳೇದುಂಟು ಮಾವ. ಎಡಗಡೆ ಸ್ಪೀಕರಿಂದ ಕೀಂ ಅಂತ ಒಂದು ಸದ್ದು ಬರ್ತದೆ. ತಲೆನೋವಾಗ್ತದೆ ನನಗೆ."

ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಹೆಂಡತಿಗೂ ಕೇಳಿಸಲಿಲ್ಲ. ಹಿಂದಿನ ದಿನವಷ್ಟೇ ಹುಡುಗಿ ನನ್ನ ಹೆಂಡತಿಗೆ ಫೋನಿನಲ್ಲಿ ಅಂಗೈಯಗಲದ ಬ್ಲೂಟೂತ್ ಸ್ಪೀಕರೊಂದರ ಚಿತ್ರ ತೋರಿಸುತ್ತಿದ್ದಳು. ಹಳೆಯದನ್ನು ಹೊರಗೆ ಹಾಕಿಸುವ ಉಪಾಯ ಇದು ಎಂದುಕೊಂಡೆ.

ಪರೀಕ್ಷೆ ಮಾಡಲು ಹೊರಟೆ. ಅವಳನ್ನು ಆಚೆ ಮುಖಮಾಡಿಸಿ ಕೂರಿಸಿದೆ. ಕಿಟಕಿಯ ಗಾಜಿನಲ್ಲಿ ನನ್ನ ಕೈ ಕಂಡೀತೆಂದು ಪರದೆ ಎಳೆದೆ. ಹಾಡು ಹಾಕದೆ, ಎಡಗಡೆಯ ಸ್ಪೀಕರ್ ಒಮ್ಮೆ ಚಾಲೂ ಆಗಿ ಒಮ್ಮೆ ಬಂದಾಗುವಂತೆ ಗುಂಡಿಯನ್ನು ಮೆಲ್ಲಗೆ ತಿರುಗಿಸತೊಡಗಿದೆ.

"ಈಗ ಉಂಟು. ಈಗ ಇಲ್ಲ. ಈಗಲೂ ಇಲ್ಲ... ಮಾವ, ನೀವು ತಿರುಗಿಸ್ಲೇ ಇಲ್ಲ ಅಲ್ವಾ?"

ತಿರುಗಿಸಿರಲಿಲ್ಲ. ಒಂದು ಸಲವೂ ಅವಳು ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಸಾಕು ಮಾರಾಯ್ರೆ, ಕಿವಿ ಕೆಟ್ಟದ್ದು ನಮ್ಮದು" ಎಂದಳು.

ನನಗೆ ಏನೋ ಕಳೆದುಕೊಂಡಂತಾಯಿತು. ಬಂದ ನೆಂಟರನ್ನೆಲ್ಲ ಸ್ಟೀರಿಯೋದ ಮುಂದೆ ಕೂರಿಸಿ, ಎಷ್ಟು ಶುದ್ಧ ಧ್ವನಿ ನೋಡಿ ಎಂದು ಹೊಗಳಿಸಿಕೊಂಡಿದ್ದೆ. ಅವರಲ್ಲಿ ಎಷ್ಟು ಮಂದಿಗೆ ಈ ಸದ್ದು ಕೇಳುತ್ತಿತ್ತೋ, ಎಷ್ಟು ಮಂದಿ ಮರ್ಯಾದೆಗೆ ಸುಮ್ಮನಿದ್ದರೋ.

ಸ್ಟೀರಿಯೋವನ್ನು ಬಿಜೈಯ ಒಂದು ರಿಪೇರಿ ಅಂಗಡಿಗೆ ಒಯ್ಯುವಾಗ ರಿಕ್ಷಾದಲ್ಲಿ ಅವಳೂ ಇದ್ದಳು. ಕೇಳಿದೆ, "ಇಷ್ಟು ಕಿವಿ ಇದ್ದವಳು ಬಸ್ಸಲ್ಲಿ ಆ ಇಯರ್‌ಫೋನ್ ಹೇಗೆ ಸಹಿಸ್ತಿ?"

"ಬಸ್ಸಲ್ಲಿ ಹಾಡು ಜೊತೆಗಿದ್ರೆ ಸಾಕು ಮಾವ. ಮನೆಯಲ್ಲಿ ಕೂತು ಕೇಳುವಾಗ ಸರಿ ಇರ್ಬೇಕಲ್ಲ?"

ಅಂಗಡಿಯವರು ಏನೋ ಬದಲಾಯಿಸಿ ಕೊಟ್ಟರು. ಸದ್ದು ಹೋಯಿತೆಂದು ಅವಳು ಹೇಳಿದಳು. ಈಗ ಭಾನುವಾರ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಆ ಸದ್ದು ನಿಜಕ್ಕೂ ಹೋಯಿತೋ, ನನ್ನ ಸಮಾಧಾನಕ್ಕೆ ಹೇಳಿದಳೋ ಎಂಬ ಗುಮಾನಿ ಮಾತ್ರ ನನ್ನನ್ನು ಬಿಟ್ಟಿಲ್ಲ.