ಸೋದರಿ ಊರಿಗೆ ಬರೆದ ನಾಲ್ಕು ಸಾಲು

ನಗರಸಭೆಯಲ್ಲಿ ಎಲ್ಲರೂ ಅವಳನ್ನು ಟೈಪಿಸ್ಟ್ ಅಕ್ಕ ಎನ್ನುತ್ತಿದ್ದರು. ಕಂಪ್ಯೂಟರ್ ಬಂದು ಟೈಪ್‌ರೈಟರ್ ಅಟ್ಟ ಸೇರಿದರೂ ಹೆಸರು ಮಾತ್ರ ಉಳಿದಿತ್ತು. ಗಂಡ ಐಸ್‌ಕ್ರೀಮ್ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದ.

ಸಮುದ್ರದಾಚೆಯ ಒಂದು ಊರಿನೊಂದಿಗೆ ಅವರ ಊರು ‘ಸೋದರಿ ನಗರ’ದ ಒಪ್ಪಂದ ಮಾಡಿಕೊಂಡಾಗ, ವರ್ಷಕ್ಕೊಂದು ಶುಭಾಶಯ ಪತ್ರವನ್ನು ಈಮೇಲಿನಲ್ಲಿ ಕಳಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಎರಡು ವರ್ಷ ಒಣ ಪತ್ರ ಹೋಯಿತು, ಒಣ ಉತ್ತರ ಬಂತು. ಮೂರನೆಯ ವರ್ಷ ಬೇಸರ ಹತ್ತಿ, ಕೊನೆಗೆ ತನ್ನದೇ ನಾಲ್ಕು ಸಾಲು ಸೇರಿಸಿದಳು: ‘ನಮ್ಮ ಲಿಫ್ಟ್ ಕೆಟ್ಟು ತಿಂಗಳಾಯಿತು. ಅಧ್ಯಕ್ಷರು ಮೂರು ಮಹಡಿ ಹತ್ತಿ ಬರುತ್ತಾರೆ. ಬೈಯಲು ಅವರಲ್ಲಿ ಉಸಿರೇ ಉಳಿದಿರುವುದಿಲ್ಲ. ನಾವೆಲ್ಲ ಸುಖವಾಗಿದ್ದೇವೆ.’

ಮರುದಿನವೇ ಉತ್ತರ ಬಂತು. ಬರೆದವಳು ಅಲ್ಲಿನ ದಾಖಲೆ ಕೋಣೆಯ ಗುಮಾಸ್ತೆ: ‘ನಮ್ಮಲ್ಲಿ ಲಿಫ್ಟ್ ಸರಿಯಿದೆ. ಅದೇ ನಮ್ಮ ಕಷ್ಟ.’ ಅಕ್ಕ ನಕ್ಕು ನಕ್ಕು ಸುಸ್ತಾದಳು. ಅಂದಿನಿಂದ ಇಬ್ಬರ ನಡುವೆ ವಾರಕ್ಕೊಂದು ಪತ್ರ. ಮಂಡಿನೋವು, ಮೊಮ್ಮಕ್ಕಳ ತಂಟೆ, ಇಲಿ ಕಾಟ, ಎಲ್ಲವೂ.

ಹತ್ತು ವರ್ಷದ ಮೇಲೆ ಹೊಸ ಕಮಿಷನರ್ ಬಂದರು.

“ಈ ಸೋದರಿಯಿಂದ ನಮಗೇನು ಸಿಕ್ಕಿದೆ? ಗೋಡೆಗೊಂದು ಫೋಟೊ. ಸಂಬಂಧ ಸಾಕು ಅಂತ ಒಂದು ಪತ್ರ ಟೈಪ್ ಮಾಡಿ.”

“ಆಗ್ಲಿ ಸಾರ್” ಎಂದು ಅಕ್ಕ ಬಂದು ಕುಳಿತಳು. ಬೆರಳೇ ಏಳಲಿಲ್ಲ.

ಅದೇ ವಾರ ನೆಲಮಾಳಿಗೆಯಲ್ಲಿ ನೀರಿನ ಪೈಪು ಒಡೆಯಿತು. ಅರವತ್ತು ವರ್ಷದ ಜನನ ದಾಖಲೆಯ ಪುಸ್ತಕಗಳು ನೆನೆದು ತೊಪ್ಪೆಯಾದವು. “ಎಲ್ಲಾ ಬಿಸಿಲಿಗೆ ಹಾಕಿ!” ಎಂದು ಕಮಿಷನರ್ ಕೂಗಿದರು. ಅಕ್ಕ ಓಡಿಹೋಗಿ ಸೋದರಿ ಊರಿನ ಗೆಳತಿಗೆ ಫೋನ್ ಮಾಡಿದಳು.

“ಬಿಸಿಲು ಬೇಡವೇ ಬೇಡ, ಹಾಳೆಗಳು ಅಂಟ್ಕೊಂಡುಬಿಡ್ತವೆ” ಎಂದಳು ಗೆಳತಿ. “ಪುಸ್ತಕ ಬಿಚ್ಚದೆ ಹಾಗೇ ಹೆಪ್ಪುಗಟ್ಟಿಸು. ಆಮೇಲೆ ಒಂದೊಂದೇ ಒಣಗಿಸೋಣ. ನಮ್ಮಲ್ಲಿ ನೆರೆ ಬಂದಾಗ ಹೀಗೇ ಉಳಿಸ್ಕೊಂಡ್ವಿ. ತಡಿ, ನಾನೇ ಬರ್ತೀನಿ.”

ಅಕ್ಕ ಗಂಡನಿಗೆ ಹೇಳಿದಳು. ಅವನು ಮಾಲೀಕರ ಕೈಕಾಲು ಹಿಡಿದು ಶೀತಲ ಕೋಣೆಯ ಒಂದು ಮೂಲೆ ಗಿಟ್ಟಿಸಿಕೊಂಡ. ಊರಿನವರೆಲ್ಲರ ಹುಟ್ಟು ವೆನಿಲಾ ಡಬ್ಬಿಗಳ ಪಕ್ಕ ಜೋಡಣೆಯಾಯಿತು. “ನಾವೆಲ್ಲ ಕರಗದ ಹಾಗೆ ನೋಡ್ಕೊಳಯ್ಯಾ” ಎಂದು ಜವಾನ ಅವನನ್ನು ಛೇಡಿಸಿದ.

ಗೆಳತಿ ಎರಡು ವಾರದಲ್ಲಿ ಬಂದಿಳಿದಳು. ಕುಳ್ಳಗೆ, ದುಂಡಗೆ, ಬಾಯಿ ತುಂಬ ನಗು. ಇಬ್ಬರೂ ಫ್ಯಾನಿನ ಕೆಳಗೆ ಕುಳಿತು ಹಾಳೆ ಹಾಳೆಗೂ ನೀರು ಹೀರುವ ಒತ್ತುಕಾಗದ ಇಟ್ಟು ತಿಂಗಳಿಡೀ ದುಡಿದರು. ಹೋದದ್ದು ಹನ್ನೊಂದು ಹಾಳೆ, ಅಷ್ಟೇ.

“ಆ ಪತ್ರ ಟೈಪ್ ಆಯ್ತಾ?” ಕಮಿಷನರ್ ಮೆಲ್ಲಗೆ ಕೇಳಿದರು.

“ಇಲ್ಲ ಸಾರ್. ಕೈಗೆ ಬಿಡುವಿರಲಿಲ್ಲ.”

“ಒಳ್ಳೇದೇ ಆಯ್ತು ಬಿಡಿ.”

ಎರಡೂ ಊರಿನ ಕಚೇರಿಯಿಂದ ವರ್ಷಕ್ಕೊಬ್ಬ ನೌಕರರಂತೆ ಅತ್ತಿಂದಿತ್ತ, ಇತ್ತಿಂದತ್ತ ಹೋಗಿ ಕೆಲಸ ಕಲಿಯಬೇಕೆಂದು ಅವರೇ ಆದೇಶ ಹೊರಡಿಸಿದರು. ಮೊದಲ ಸರದಿ ಅಕ್ಕನದು; ಐವತ್ತೇಳನೆಯ ವಯಸ್ಸಿನಲ್ಲಿ ವಿಮಾನ ಹತ್ತಿದಳು. ಈಗ ಅವರ ಸರದಿಯಲ್ಲಿ, ಅಲ್ಲೇ ನೌಕರಿಯಲ್ಲಿರುವ ಗೆಳತಿಯ ಮಗಳು ಇಲ್ಲಿಗೆ ಬಂದಿದ್ದಾಳೆ, ಅಕ್ಕನ ಮನೆಯಲ್ಲೇ ಬಿಡಾರ. ಸಂಜೆಯಾದರೆ ಚದುರಂಗದಲ್ಲಿ ಅಕ್ಕನ ಗಂಡನನ್ನು ಸೋಲಿಸುತ್ತಾಳೆ. “ಅತಿಥಿ ಅಂತ ಬಿಟ್ಟುಕೊಟ್ಟೆ” ಎನ್ನುತ್ತಾನೆ ಅವನು, ದಿನವೂ.